ಬಾಯಮ್ಮನ ಪಾಕದ ಅಳತೆ

ಬುರೈದಾ, ಸೌದಿ ಅರೇಬಿಯಾ
4 ಅಕ್ಟೋಬರ್ 2013

ಎಮ್ಮಿ,

ಕಾಗದ ಯಾರದ್ದೆಂದು ಕೊನೆಯ ಪುಟ ತಿರುಗಿಸಬೇಡ, ಈಗಲೇ ಹೇಳಿಬಿಡುತ್ತೇನೆ. ನಾನು ಮೈಮೂನತ್. ನಿಮ್ಮ ಗದ್ದೆಯ ಆಚೆ ಬದಿಯ ಬ್ಯಾರಿಗಳ ಮನೆಯ ಮೈಮು. ಏಳನೆಯ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ನಿನ್ನ ಬಲಗಡೆ ಕೂತು ನಿನ್ನ ಲೆಕ್ಕವನ್ನೆಲ್ಲ ನಕಲು ಮಾಡಿದವಳು. ಈಗ ನೀನು ಸಿಸ್ಟರ್ ಎಮಿಲ್ಡಾ ಅಂತೆ. ನನ್ನ ಬಾಯಿಗೆ ಆ ಹೆಸರು ಹತ್ತುವುದಿಲ್ಲ, ನೀನು ಸುಮ್ಮನೆ ಒಪ್ಪಿಕೊಳ್ಳಬೇಕು.

ಕಳೆದ ವಾರ ತಮ್ಮ ರಹಮತ್ ಊರಿಂದ ಫೋನು ಮಾಡಿದ್ದಾಗ ಏನೇನೋ ಮಾತಾಡಿ ಕೊನೆಗೆ, "ಅಕ್ಕಾ, ಬಾಯಮ್ಮ ಹೋದ್ರು, ಗೊತ್ತುಂಟಲ್ವಾ?" ಎಂದ. ನಿನ್ನ ಅಮ್ಮ ಹೋದದ್ದು ನನಗೆ ಗೊತ್ತಿರಲಿಲ್ಲ. ಆಗಸ್ಟಿನಲ್ಲೇ ಹೋದರಂತೆ. ಒಂದು ತಿಂಗಳಿಗೂ ಹೆಚ್ಚು ಕಾಲ ನಾನಿಲ್ಲಿ ಉಂಡು, ಮಲಗಿ, ಮಗಳಿಗೆ ಯೂನಿಫಾರ್ಮ್ ಇಸ್ತ್ರಿ ಮಾಡಿಕೊಂಡಿದ್ದೆ. ಫೋನು ಇಟ್ಟವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಮ್ಮವರು ಹೊರಗಿನಿಂದ, "ಯಾರು ಹೋದದ್ದು? ನಿನ್ನ ಕುಟುಂಬದವರಾ?" ಎಂದು ಕೇಳಿದರು. ಹೌದು ಎಂದೆ.

ನಿನ್ನ ವಿಳಾಸ ನಿನ್ನ ಅಣ್ಣನ ಹೆಂಡತಿಯಿಂದ ಸಿಕ್ಕಿತು. ಪಪುವಾ ನ್ಯೂಗಿನಿ ಎಂದರೆ ಎಲ್ಲಿ ಎಂದು ಮಗಳು ಶಹಲಾಳ ಅಟ್ಲಾಸಿನಲ್ಲಿ ಹುಡುಕಿದೆ. ಅದರ ಪಕ್ಕ ನೀಲಿಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಇರುವ ದ್ವೀಪಗಳಲ್ಲಿ ಒಂದರಲ್ಲಿ ನೀನು ಇದ್ದೀ. ಅಲ್ಲಿ ಫೋನಿನ ಸಿಗ್ನಲ್ ಇಲ್ಲವಂತೆ. ಹಾಗಾಗಿ ಈ ವಾಟ್ಸಾಪ್ ಕಾಲದಲ್ಲಿ ನಾನು ಪೆನ್ನು ಹಿಡಿದೆ. ನಿನಗೆ ಬ್ಯಾರಿ ಬರುವುದಿಲ್ಲ, ನನಗೆ ಕೊಂಕಣಿ ಬರೆಯಲು ಬರುವುದಿಲ್ಲ, ತುಳುವಿನಲ್ಲಿ ಕಾಗದ ಬರೆದು ಅಭ್ಯಾಸವಿಲ್ಲ. ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ ಕನ್ನಡವೇ ನಮ್ಮಿಬ್ಬರಿಗೂ ಗತಿ.

ನಿನಗೆ ಊರಿಗೆ ಹೋಗಲು ಆಯಿತಾ? ಮಣ್ಣು ಮಾಡುವಾಗ ಇದ್ದೆಯಾ? ಅದನ್ನು ಮಾತ್ರ ತಿಳಿಸು.

ನಿನ್ನ
ಮೈಮು

ಸಂತ ಅನ್ನಮ್ಮ ಮಿಷನ್
2 ನವೆಂಬರ್ 2013

ಮೈಮು, ನನ್ನ ಮೈಮು,

ಇವತ್ತು ಸತ್ತವರ ಹಬ್ಬ. ಬೆಳಿಗ್ಗೆ ಸ್ಮಶಾನದಲ್ಲಿ ಇಲ್ಲಿಯ ಜನರ ಗೋರಿಗಳಿಗೆ ಹೂವಿಟ್ಟು ಬಂದೆ. ನನ್ನವರದ್ದು ಒಂದೂ ಇಲ್ಲಿಲ್ಲ. ವಾಪಸು ಬಂದರೆ ದೋಣಿಯಲ್ಲಿ ನಿನ್ನ ಕಾಗದ ಬಂದಿತ್ತು.

ಇಲ್ಲ ಮೈಮು, ನಾನು ಹೋಗಲಿಲ್ಲ. ಸುದ್ದಿ ವೈರ್‌ಲೆಸ್ ರೇಡಿಯೋದಲ್ಲಿ ನಮ್ಮ ಮಿಷನ್ನಿಗೆ ತಲುಪುವಷ್ಟರಲ್ಲಿ ಅಮ್ಮನನ್ನು ಮಣ್ಣು ಮಾಡಿ ಆಗಿತ್ತು. ಹೋಗಿಯೂ ಏನು ಎಂದರು. ನಾನೂ ಹಾಗೆಯೇ ಎಂದುಕೊಂಡೆ. ಆ ದಿನ ಆಸ್ಪತ್ರೆಯಲ್ಲಿ ಎರಡು ಹೆರಿಗೆ ಇತ್ತು, ಎರಡನ್ನೂ ಮಾಡಿಸಿದೆ.

ಇಲ್ಲಿ ಹೆಂಗಸು ಎನ್ನುವುದಕ್ಕೇ ‘ಮೇರಿ’ ಎನ್ನುತ್ತಾರೆ. ಎಲ್ಲ ಹೆಂಗಸರೂ ಮೇರಿಗಳೇ. ಅಮ್ಮನಿಗೆ ಇದನ್ನು ಹೇಳಿ ನಗಿಸಬೇಕೆಂದು ಇಟ್ಟುಕೊಂಡಿದ್ದೆ. ತೆಂಗಿನಮರ, ಸಮುದ್ರ, ಬೆವರು ಎಲ್ಲ ನಮ್ಮ ಊರಿನದ್ದೇ. ಆದರೆ ಡಿಸೆಂಬರಿನಲ್ಲಿ ಜೋರು ಮಳೆಯಂತೆ. ಕ್ರಿಸ್ಮಸ್ಸಿಗೆ ನಮ್ಮಲ್ಲಿ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬೀಳುತ್ತದಲ್ಲ, ಬಿದಿರಿನ ನಕ್ಷತ್ರಕ್ಕೆ ಅಂಟಿಸಿದ ಬಣ್ಣದ ಕಾಗದ ನೆನೆದು ಸಡಿಲವಾಗುತ್ತದಲ್ಲ, ಆ ಚಳಿ ಇಲ್ಲಿಯವರಿಗೆ ಹೇಳಿದರೆ ಗೊತ್ತಾಗುವುದಿಲ್ಲ. ಈ ಸಲದ್ದು ನನಗೆ ಇಲ್ಲಿ ಮೊದಲ ಕ್ರಿಸ್ಮಸ್.

ಒಂದು ಮಾತು ನಿನ್ನೊಬ್ಬಳಿಗೆ ಹೇಳುತ್ತೇನೆ. ಅಮ್ಮನ ಮುಖ ನೆನಪಿದೆ, ಸೀರೆ ನೆನಪಿದೆ, ಕೈಯ ಸುಟ್ಟ ಕಲೆ ನೆನಪಿದೆ. ಸ್ವರ ಮಾತ್ರ ಹೋಗಿದೆ. ಕಣ್ಣು ಮುಚ್ಚಿ ಎಷ್ಟು ಪ್ರಯತ್ನಪಟ್ಟರೂ ಅಮ್ಮ ಬಾಯಿ ಆಡಿಸುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಹದಿನೇಳಕ್ಕೆ ಮನೆ ಬಿಟ್ಟವಳು ನಾನು. ಆಮೇಲೆ ನನ್ನ ಪಾಲಿಗೆ ಸಿಕ್ಕಿದ್ದು ರಜೆಯ ಅಮ್ಮ. ಮೈಮು, ನನಗೆ ಭಯವಾಗುತ್ತದೆ. ಅಮ್ಮ ಸತ್ತದ್ದಕ್ಕಿಂತ ಇದಕ್ಕೇ ಹೆಚ್ಚು ಅಳು ಬರುತ್ತದೆ.

ಅಮ್ಮ ಇದ್ದದ್ದೇ ಡಿಸೆಂಬರಿನ ಅಡುಗೆಮನೆಯಲ್ಲಿ. ಕ್ರಿಸ್ಮಸ್ಸಿನ ಆ ಕುಸ್ವಾರ್ ತಿಂಡಿಗಳಲ್ಲಿ ಒಂದನ್ನಾದರೂ ಇಲ್ಲಿ ಮಾಡಿದರೆ ಸ್ವರವೂ ಹಿಂದಿನಿಂದ ಬಂದೀತೇನೋ ಅನ್ನಿಸುತ್ತದೆ. ಮುಖ್ಯವಾಗಿ ಕಿಡಿಯೊ. ಆದರೆ ನನಗೆ ಬರುವುದಿಲ್ಲ. ಅತ್ತಿಗೆಗೂ ಬರುವುದಿಲ್ಲ, ಬೇಕರಿಯಿಂದ ತರುತ್ತಾಳೆ. ನಾನು ಯಾವಾಗಲೂ ಜಗಲಿಯಲ್ಲಿ ನಕ್ಷತ್ರಕ್ಕೆ ಕಾಗದ ಅಂಟಿಸುತ್ತಿದ್ದೆ, ಇಲ್ಲವೇ ಚರ್ಚಿನಲ್ಲಿ ಹಾಡು ಕಲಿಯುತ್ತಿದ್ದೆ. ಒಲೆಯ ಹತ್ತಿರ ಅಮ್ಮ ಕರೆಯುತ್ತಿದ್ದದ್ದು ನಿನ್ನನ್ನು. ಆಗ ನನಗೆ ಅದರಿಂದ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತಿತ್ತು. ಈಗಲೂ ಇಲ್ಲ ಎಂದರೆ ಸಿಸ್ಟರ್ ಆಗಿ ಸುಳ್ಳು ಹೇಳಿದ ಹಾಗೆ.

ಕಿಡಿಯೊ ಹೇಗೆ ಮಾಡುವುದು, ಬರೆ.

ಎಮ್ಮಿ

ಬುರೈದಾ
29 ನವೆಂಬರ್ 2013

ಎಮ್ಮಿ,

ಇಲ್ಲಿ ಈಗ ಚಳಿ. ಮರಳುಗಾಡಿನಲ್ಲಿ ಎಂತ ಚಳಿ ಎಂದು ಊರಿನವರು ನಗುತ್ತಾರೆ. ಬಂದು ನೋಡಲಿ. ಖರ್ಜೂರದ ಮಂಡಿಯಲ್ಲಿ ಲೆಕ್ಕ ಬರೆಯುವ ನಮ್ಮವರು, ಕಮಾಲುದ್ದೀನ್, ಎರಡು ಸ್ವೆಟರ್ ಹಾಕಿಕೊಂಡು ಮೂಟೆಯ ಹಾಗೆ ಹೋಗುತ್ತಾರೆ. ನಿನ್ನ ಕಾಗದ ಅವರ ಕಫೀಲ್‌ನ ಪೋಸ್ಟ್ ಬಾಕ್ಸಿಗೆ ಬಂದಿತ್ತು. ನಿಮ್ಮ ದೇಶದ ಸ್ಟಾಂಪಿನಲ್ಲಿದ್ದ ಉದ್ದ ಬಾಲದ ಹಕ್ಕಿಯನ್ನು ಆ ಯಜಮಾನರೇ ಕೇಳಿ ತೆಗೆದುಕೊಂಡರಂತೆ.

ಸ್ವರದ ವಿಷಯಕ್ಕೆ ನನ್ನ ಹತ್ತಿರ ಮದ್ದಿಲ್ಲ. ಕಿಡಿಯೊ ಮಾತ್ರ ಕಣ್ಣು ಕಟ್ಟಿದರೂ ಹೇಳುತ್ತೇನೆ. ಮದುವೆಯಾದ ಮೇಲೆ ಒಮ್ಮೆಯೂ ಮಾಡಲಿಲ್ಲ, ಆದರೂ ಕೈ ಮರೆಯಲಿಲ್ಲ. ಮೈದಾಕ್ಕೆ ಒಂದು ಮೊಟ್ಟೆ, ಉಪ್ಪು, ಗಟ್ಟಿ ತೆಂಗಿನ ಹಾಲು. ಚಪಾತಿಗಿಂತ ಬಿಗಿಯಾಗಿ ಕಲಸು. ಗೇರುಬೀಜದಷ್ಟು ಹಿಟ್ಟು ತೆಗೆದು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಹೆಬ್ಬೆರಳಿನಿಂದ ಸುರುಳಿ ಮಾಡು. ಗೀರು ಗೀರಾಗಿ ಹುಳದ ಹಾಗೆ ಬರಬೇಕು. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳುಗಳು ಎಂದು ಬಾಯಮ್ಮ ಹೇಳಿದ ದಿನ ನಾನು ಬಾಯಿಗೆ ಹಾಕಿಕೊಂಡದ್ದನ್ನು ಉಗಿದಿದ್ದೆ, ನೆನಪಿದೆಯಾ? ಬಾಚಣಿಗೆ ಹೊಸದಾಗಿರಬೇಕು. ಬಾಯಮ್ಮ ಪ್ರತಿ ಡಿಸೆಂಬರಿಗೆ ಕಿನ್ನಿಗೋಳಿಯಿಂದ ಹೊಸತು ತರುತ್ತಿದ್ದರು. ಹಬ್ಬ ಮುಗಿದ ಮೇಲೆ ಅದು ನನಗೆ.

ಮತ್ತೆ ಬಾಣಲೆ. ನಿಮ್ಮ ಮನೆಯಲ್ಲಿ ಹಂದಿ ಮುಟ್ಟದ ಬಾಣಲೆಯೊಂದು ಅಟ್ಟದ ಮೇಲೆ ಬೇರೆಯೇ ಇತ್ತು. "ಇದು ಮೈಮು ತಿನ್ನುವ ಬಾಣಲೆ" ಎಂದು ಬಾಯಮ್ಮ ಅದನ್ನು ನನ್ನ ಕಣ್ಣೆದುರೇ ಬೂದಿ ಹಾಕಿ ತಿಕ್ಕುತ್ತಿದ್ದರು. ಮಗಳು ತಿಂದರೆ ತಪ್ಪಿಲ್ಲವೆಂದು ನಮ್ಮ ಉಮ್ಮನಿಗೆ ಧೈರ್ಯ ಬರಲಿ ಎಂದು. ನಿನಗೆ ಅಲ್ಲಿ ಯಾವ ಬಾಣಲೆಯಾದರೂ ಆದೀತು.

ಕರಿದ ಮೇಲೆ ಸಕ್ಕರೆ ಪಾಕ. ಎಲ್ಲ ಇರುವುದು ಅದರಲ್ಲೇ. ಪಾಕ ಬುರುಗು ಬಂದು ಮೇಲೇಳುವಾಗ ಬಾಯಮ್ಮ ಗಡಿಯಾರ ನೋಡುತ್ತಿರಲಿಲ್ಲ, ನಿಮ್ಮ ಮರಿಯಮ್ಮನ ಪ್ರಾರ್ಥನೆ ಉಂಟಲ್ಲ, ನಮಾನ್ ಮರಿಯೆ, ಅದನ್ನು ಐದು ಸಲ ಹೇಳುತ್ತಿದ್ದರು. ಮುಗಿದ ಕೂಡಲೇ ಕರಿದದ್ದನ್ನು ಸುರಿದು ತಿರುವಬೇಕು. ಯಾರಾದರೂ ಮಾತಾಡಿಸಿದರೆ ಬಾಯಮ್ಮನಿಗೆ ಲೆಕ್ಕ ತಪ್ಪುತ್ತಿತ್ತು. ಒಂದು ದಿನ ನನ್ನನ್ನು, "ನೀನೂ ಜೊತೆಗೆ ಹೇಳು ಮಾರಾಯ್ತಿ" ಎಂದರು. ನನಗೆ ನಿಮ್ಮದು ಬರುವುದಿಲ್ಲ ಎಂದೆ. "ನಿಮ್ಮ ಮದ್ರಸದಲ್ಲಿ ಕಲಿಸಿದ್ದು ಹೇಳು. ಸಕ್ಕರೆಗೆ ಎಂತ ಗೊತ್ತಾಗ್ತದೆ?" ಎಂದರು. ನಾನು ಕುರ್‌ಆನಿನ ಮೊದಲ ಅಧ್ಯಾಯ, ಫಾತಿಹಾ, ಹೇಳಿದೆ. ಅವರ ಐದು ಮುಗಿಯುವಾಗ ನನ್ನದು ಸರಿಯಾಗಿ ಮೂರು. ಅಂದಿನಿಂದ ಸೌಟು ಹಿಡಿದು ಪಕ್ಕದಲ್ಲಿ ನಿಂತು ಮೂರು ಫಾತಿಹಾ ಹೇಳುವುದು ನನ್ನ ಕೆಲಸ.

ಈ ಕಥೆಯನ್ನು ಶುಕ್ರವಾರ ಊಟಕ್ಕೆ ಬರುವ ಯೋಗೀಶನಿಗೆ ಹೇಳಿದೆ. ಬೆಳ್ಮಣ್ಣಿನವನು, ಇಲ್ಲಿ ಎ.ಸಿ. ರಿಪೇರಿ ಮಾಡುತ್ತಾನೆ. "ಎಂತ ಮಾರ್ರೆ, ನಮ್ಮಲ್ಲಿಗೂ ಕ್ರಿಸ್ಮಸ್ಸಿಗೆ ಕ್ರಿಸ್ತರ ಮನೆ ಬಾಯಮ್ಮಂದ್ರು ಪ್ಲೇಟಲ್ಲಿ ಕೊಡ್ತಿದ್ರು. ಅದಕ್ಕಾಗಿಯೇ ನಾನು ನಕ್ಷತ್ರ ಹಾಕಿದ ಮನೆ ಮುಂದೆ ಸೈಕಲ್ ಬಿಡ್ತಿದ್ದದ್ದು" ಎಂದ. ಇಲ್ಲಿ ಇಪ್ಪತ್ತೈದನೇ ತಾರೀಕು ಎಂದರೆ ಶಾಲೆ, ಆಫೀಸು, ಮಂಡಿ ಎಲ್ಲ ಇರುವ ಒಂದು ಬುಧವಾರ. ನನ್ನ ಮಟ್ಟಿಗೆ ಮಾತ್ರ ಅದು ಎಮ್ಮಿಯ ಮನೆಯ ದಿನ.

ನಿನ್ನ ಪಾಕ ಚೆನ್ನಾಗಿ ಬರಲಿ.

ಮೈಮು

ಸಂತ ಅನ್ನಮ್ಮ ಮಿಷನ್
6 ಜನವರಿ 2014

ಮೈಮು,

ನಿನ್ನ ಕಾಗದ ಹಬ್ಬಕ್ಕೆ ಎರಡು ದಿನ ಇರುವಾಗ ಬಂತು. ಹಡಗಿನಲ್ಲಿ ಮೈದಾವೂ ಬಂದಿತ್ತು. ತೆಂಗಿನಕಾಯಿಗೆ ಇಲ್ಲಿ ಬರವಿಲ್ಲ. ಬಾಚಣಿಗೆ ಕೇಳಿದ್ದಕ್ಕೆ ಇಲ್ಲಿಯವರು ಬಿದಿರಿನದ್ದು ಕೊಟ್ಟರು, ಹಲ್ಲು ಉದ್ದ, ಎಷ್ಟು ಚೆಂದ ಗೀರು ಬಿತ್ತೆನ್ನುತ್ತೀ! ಅಡುಗೆಯ ತೆಕ್ಲಾ ಮತ್ತು ಅವಳ ಓರಗಿತ್ತಿಯರು ನನ್ನ ಸುತ್ತ ಕೂತು ಸುರುಳಿ ಮಾಡಿದರು. ತಲೆ ಬಾಚುವುದರಲ್ಲಿ ತಿಂಡಿ ಮಾಡುವ ದೇಶ ಎಂಥದ್ದು ಎಂದು ನಕ್ಕರು.

ಪಾಕ ಇಟ್ಟೆ. ಬುರುಗು ಬಂತು. ಐದು ನಮಾನ್ ಮರಿಯೆ ಹೇಳಿದೆ, ಭಕ್ತಿಯಿಂದ, ಕಣ್ಣು ಮುಚ್ಚಿ. ಸುರಿದೆ. ತಿರುವಲು ಸೌಟು ಹಾಕುವಷ್ಟರಲ್ಲಿ ಎಲ್ಲ ಒಂದೇ ಕಲ್ಲು. ಬಾಣಲೆಗೇ ಕಚ್ಚಿ ಹಿಡಿಯಿತು. ಕೊನೆಗೆ ತೆಕ್ಲಾ ಬಾಣಲೆಯನ್ನು ಹೊರಗೆ ಒಯ್ದು ಕಲ್ಲಿನಿಂದ ಕುಟ್ಟಿ ತೆಗೆದಳು. ಅದನ್ನೂ ಎಲ್ಲರೂ ಸಂತೋಷದಿಂದ ತಿಂದರು. ಮರುದಿನ ಇನ್ನೊಮ್ಮೆ ಮಾಡಿದೆ. ಹಾಗೆಯೇ ಆಯಿತು. ಸಕ್ಕರೆಯೂ ಮುಗಿಯಿತು.

ನಡುರಾತ್ರಿಯ ಪೂಜೆಗೆ ಮಳೆಯಲ್ಲಿ ಜನ ತಾಳೆಗರಿ ತಲೆಗಿಟ್ಟುಕೊಂಡು ಬಂದರು, ಎಷ್ಟು ದೊಡ್ಡ ಸ್ವರದಲ್ಲಿ ಹಾಡಿದರು! ನಾನು ಅವರ ನಡುವೆ ನಿಂತು ಬಾಯಿ ಆಡಿಸಿದೆ. ಅಮ್ಮ ಬರಲಿಲ್ಲ ಮೈಮು. ಎಲ್ಲರ ಸ್ವರ ಕೇಳಿತು, ಅವಳದ್ದಲ್ಲ. ಐದು ನಮಾನ್ ಮರಿಯೆ ಕೂಡ ನನ್ನ ಕೈಗೆ ಸಿಗಲಿಲ್ಲ. ದಿನಕ್ಕೆ ಐವತ್ತು ಹೇಳುವವಳು ನಾನು.

ನಿನ್ನ ನೆನಪಿನಲ್ಲಿ ಲೆಕ್ಕ ತಪ್ಪಿರಬಹುದಾ? ಮೂರು ಎಂದಿದ್ದರೋ ಏನೋ.

ಎಮ್ಮಿ

ಬುರೈದಾ
7 ಫೆಬ್ರವರಿ 2014

ಸಿಸ್ಟರ್ ಎಮಿಲ್ಡಾ ಅವರಿಗೆ,

ಬೇಕೆಂದೇ ಹಾಗೆ ಬರೆದೆ. ನನಗೆ ಸಿಟ್ಟು ಬಂದಿದೆ. ಲೆಕ್ಕದಲ್ಲಿ ನಿನ್ನದನ್ನು ನೋಡಿ ಬರೆದವಳು ನಾನು ಸರಿ. ಆದರೆ ಬಾಯಮ್ಮನ ಅಳತೆ ತಪ್ಪಲು ಸಾಧ್ಯವಿಲ್ಲ. ಅವರದ್ದು ಐದೇ, ನನ್ನದು ಮೂರೇ. ನಿನ್ನ ಒಲೆ ಸರಿ ಇಲ್ಲ, ಅಲ್ಲದಿದ್ದರೆ ನಿನ್ನ ಸಕ್ಕರೆ ಸರಿ ಇಲ್ಲ. ಬರುವ ಶುಕ್ರವಾರ ನಾನೇ ಮಾಡಿ ಯೋಗೀಶನಿಗೆ ತಿನ್ನಿಸಿ, ಅವನ ಸಾಕ್ಷಿಯ ಸಮೇತ ನಿನಗೆ ಬರೆಯುತ್ತೇನೆ. ಕಾದಿರು.

ಮೈಮೂನತ್

ಸಂತ ಅನ್ನಮ್ಮ ಮಿಷನ್
19 ಆಗಸ್ಟ್ 2014

ಮೈಮು,

ಆ ಶುಕ್ರವಾರ ಇನ್ನೂ ಬರಲಿಲ್ಲವಾ? ನಿನ್ನ ಸಿಟ್ಟಿನ ಕಾಗದ ಬಂದ ಮೇಲೆ ಪ್ರತಿ ದೋಣಿಗೂ ಕಡಲ ದಂಡೆಗೆ ಹೋಗಿ ನಿಂತಿದ್ದೇನೆ. ನಾನು ಅಳತೆ ತಪ್ಪಿರಬಹುದು ಎಂದದ್ದು ನಿನಗೆ ಅಷ್ಟು ನೋಯಿತಾ?

ಇವತ್ತಿಗೆ ಅಮ್ಮ ಹೋಗಿ ಒಂದು ವರ್ಷ. ಇಲ್ಲಿ ಅವಳ ಗುರುತಿನವರು ಯಾರೂ ಇಲ್ಲ. ಅವಳ ಬಗ್ಗೆ ಮಾತಾಡಲು ಭೂಮಿಯ ಮೇಲೆ ನನಗೆ ಇರುವುದು ನೀನೊಬ್ಬಳು. ನೀನೂ ಸುಮ್ಮನಾದರೆ ಹೇಗೆ?

ಎಮ್ಮಿ

ಬುರೈದಾ
14 ನವೆಂಬರ್ 2014

ಎಮ್ಮಿ, ನನ್ನ ಎಮ್ಮಿ,

ಬೈಯಿ, ಎಷ್ಟು ಬೇಕೋ ಅಷ್ಟು ಬೈಯಿ. ಸಿಟ್ಟಿನಿಂದ ಬರೆಯದೆ ಕೂತದ್ದಲ್ಲ, ನಾಚಿಕೆಯಿಂದ. ಆ ಶುಕ್ರವಾರ ಮಾಡಿದೆ. ಯೋಗೀಶ ತಟ್ಟೆ ಹಿಡಿದು ಕಾದು ಕೂತಿದ್ದ. ಬುರುಗು ಬಂತು, ಮೂರು ಫಾತಿಹಾ ಹೇಳಿದೆ, ಸುರಿದೆ. ಕಲ್ಲು! ಯೋಗೀಶ ಬಾಣಲೆ ಬೋರಲು ಹಾಕಿದ, ಬೀಳಲಿಲ್ಲ. "ಇದನ್ನು ಕಂಪೌಂಡ್ ಗೋಡೆಗೆ ಇಡ್ಬಹುದು ಅಕ್ಕಾ" ಎಂದ. ಅಷ್ಟು ಜಂಬದಿಂದ ನಿನಗೆ ಬರೆದು, ಇದನ್ನು ಯಾವ ಮುಖದಲ್ಲಿ ಬರೆಯುವುದು? ಸರಿ ಮಾಡಿಯೇ ಬರೆಯೋಣ ಎಂದುಕೊಂಡೆ. ಆಮೇಲೆ ಮಾಡಿದ್ದೆಲ್ಲ ಕಲ್ಲೇ. ರಂಝಾನ್ ಬಂತು, ಬಿಟ್ಟುಬಿಟ್ಟೆ. ನಿನ್ನ ಆಗಸ್ಟಿನ ಕಾಗದ ಓದಿ ಪುನಃ ಹಿಡಿದೆ.

ಇವತ್ತು ಏನಾಯಿತು ಕೇಳು. ಪಾಕ ಬುರುಗು ಬಂದು ಒಂದು ಫಾತಿಹಾ ಮುಗಿಸಿದ್ದೆನಷ್ಟೆ, ಗ್ಯಾಸ್ ಖಾಲಿಯಾಗಿ ಒಲೆ ಆರಿತು. ಇನ್ನು ಸಕ್ಕರೆ ಹಾಳಾಗುವುದು ಬೇಡ ಎಂದು ಕರಿದದ್ದನ್ನು ಸುರಿದು ಸುಮ್ಮನೆ ತಿರುವಿದೆ. ಎಮ್ಮಿ, ನನ್ನ ಕೈಯ ಕೆಳಗೆ ಅವು ಒಂದೊಂದಾಗಿ ಬಿಡಿಸಿಕೊಂಡವು. ಬೆಳ್ಳಗೆ, ಸುಣ್ಣ ಬಳಿದ ಹಾಗೆ. ಅದೇ ಕಿಡಿಯೊ!

ನಾನು ಅಲ್ಲೇ ನೆಲದ ಮೇಲೆ ಕೂತೆ. ಮೂರು ಬೇಕಾದದ್ದಕ್ಕೆ ಒಂದು ಹೇಗೆ ಸಾಕಾಯಿತು? ಯೋಚಿಸಿ ಯೋಚಿಸಿ ನಗು ಬಂತು, ಆಮೇಲೆ ಅಳು. ಆಗ ನಾನು ಮದ್ರಸದ ಹುಡುಗಿ, ಉಸ್ತಾದರ ಬೆತ್ತಕ್ಕೆ ಹೆದರಿ ಒಂದೇ ಉಸಿರಿಗೆ ಓಡಿಸುತ್ತಿದ್ದವಳು. ಇಲ್ಲಿಗೆ ಬಂದ ಮೇಲೆ ಹೆಂಗಸರ ಕುರ್‌ಆನ್ ಕ್ಲಾಸಿಗೆ ಸೇರಿದೆ. ಅಲ್ಲಿಯ ಟೀಚರ್ ವರ್ಷಗಟ್ಟಲೆ ತಿದ್ದಿದರು. ಪ್ರತಿ ಅಕ್ಷರ ಅದರದರ ಜಾಗದಿಂದ ಬರಬೇಕು, ಎಳೆಯುವಲ್ಲಿ ಎಳೆಯಬೇಕು, ನಿಲ್ಲುವಲ್ಲಿ ನಿಲ್ಲಬೇಕು. ಈಗಿನ ನನ್ನ ಒಂದು ಫಾತಿಹಾ ಎಂದರೆ ಆಗಿನ ಮೂರು! ನಾನು ಸರಿಯಾಗಿ ಓದಲು ಕಲಿತೆ, ಪಾಕ ಕೆಟ್ಟಿತು.

ಈಗ ನಿನ್ನ ಕಥೆ ಹೇಳು. ಭಕ್ತಿಯಿಂದ, ಕಣ್ಣು ಮುಚ್ಚಿ ಹೇಳಿದೆ ಎಂದು ಬರೆದಿದ್ದೆಯಲ್ಲ? ಕಾನ್ವೆಂಟಿನಲ್ಲಿ ನಿನಗೂ ಹಾಗೆ ನಿಧಾನ ಕಲಿಸಿರಬೇಕು. ಬಾಯಮ್ಮ ಕಣ್ಣು ಮುಚ್ಚುವುದೆಲ್ಲಿ ಬಂತು ಮಾರಾಯ್ತಿ? ಒಂದು ಕಣ್ಣು ಪಾಕದಲ್ಲಿ, ಇನ್ನೊಂದು ಅಂಗಳದ ಕೋಳಿಯಲ್ಲಿ. ಅವರ ನಮಾನ್ ಮರಿಯೆ ಎಂದರೆ ಕಿನ್ನಿಗೋಳಿಯ ಕೊನೆಯ ಬಸ್ಸು. ಯಾವ ಸ್ಟಾಪಿನಲ್ಲೂ ನಿಲ್ಲುವುದಿಲ್ಲ. ಬಾವಿಯಿಂದ ಒಂದು ಕೊಡ ನೀರು ಮೇಲೆ ಬರುವಷ್ಟರಲ್ಲಿ ಒಂದು ಮುಗಿದೇ ಹೋಗುತ್ತಿತ್ತು. ನೀನು ಆ ಹಗ್ಗ ಎಳೆದವಳು, ನಿನ್ನ ಕೈಗೆ ಗೊತ್ತಿದೆ.

ನಾನು ಇನ್ನು ಫಾತಿಹಾ ಓಡಿಸಲಾರೆ, ನಾಲಿಗೆ ಒಪ್ಪುವುದಿಲ್ಲ, ಅದು ಸರಿಯೂ ಅಲ್ಲ. ನನ್ನ ಅಳತೆ ಇನ್ನು ಒಂದೇ. ಆದರೆ ನೀನು ಈ ಒಂದು ಸಲ ಸಿಸ್ಟರ್‌ತನ ಬಿಟ್ಟು ಓಡಿಸು. ಬಾಯಮ್ಮ ಅವಸರದಲ್ಲಿ ಹೇಳಿದ್ದನ್ನೂ ನಿಮ್ಮ ಮರಿಯಮ್ಮ ಇಷ್ಟು ವರ್ಷ ಕೇಳಿಸಿಕೊಂಡಿದ್ದಾರೆ, ನಿನ್ನದನ್ನೂ ಕೇಳಿಸಿಕೊಳ್ಳುತ್ತಾರೆ.

ಯೋಗೀಶ ಅರ್ಧ ಡಬ್ಬ ಖಾಲಿ ಮಾಡಿ, "ಕ್ರಿಸ್ಮಸ್ ಆಯ್ತು ನೋಡಿ" ಎಂದ. ಇನ್ನೂ ಒಂದು ತಿಂಗಳು ಇದೆ ಎಂದೆ.

ನಿನ್ನ
ಮೈಮು

ಸಂತ ಅನ್ನಮ್ಮ ಮಿಷನ್
27 ಡಿಸೆಂಬರ್ 2014

ಮೈಮು,

ನಿನ್ನ ಕಾಗದವನ್ನು ದಂಡೆಯಲ್ಲಿ ನಿಂತೇ ಓದಿದೆ. ಕಂಪೌಂಡ್ ಗೋಡೆಯ ಕಡೆಗೆ ಬಂದಾಗ ಗಟ್ಟಿಯಾಗಿ ನಕ್ಕೆ. ದೋಣಿಯವನು ಹೆದರಿದ. ಬಾವಿಯ ಕಡೆಗೆ ಬಂದಾಗ ಹಗ್ಗದ ಉರಿ ಅಂಗೈಗೆ ಬಂದ ಹಾಗೆ ಆಯಿತು.

ನಿಜ, ಕಾನ್ವೆಂಟಿಗೆ ಸೇರಿದ ಮೊದಲ ವರ್ಷ ನನ್ನ ಪ್ರಾರ್ಥನೆ ಕೇಳಿ ಹಿರಿಯ ಸಿಸ್ಟರ್, "ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ?" ಎಂದು ಗದರಿದ್ದರು. ಆಮೇಲೆ ಒಂದೊಂದು ಶಬ್ದವನ್ನೂ ಬಿಡಿಸಿ ಹೇಳಲು ಕಲಿತೆ. ನಾನು ಮನೆಯಿಂದ ತೆಗೆದುಕೊಂಡು ಬಂದದ್ದು ಅದೊಂದೇ ಇತ್ತು, ಅಮ್ಮನ ಓಟ. ಅದನ್ನೇ ಅಲ್ಲಿ ಬಿಡಿಸಿಬಿಟ್ಟರು. ಅವರ ತಪ್ಪೂ ಅಲ್ಲ.

ಇಪ್ಪತ್ತನಾಲ್ಕರ ಮಧ್ಯಾಹ್ನ ಪಾಕ ಇಟ್ಟೆ. ಹೊರಗೆ ಮಳೆ ಹೊಯ್ಯುತ್ತಿತ್ತು. ತೆಕ್ಲಾ ಒಲೆಗೆ ತೆಂಗಿನ ಚಿಪ್ಪು ಹಾಕುತ್ತಿದ್ದಳು. ಬುರುಗು ಬಂತು. ಮೊದಲನೆಯದು ನಾಲಿಗೆಗೆ ತೊಡರಿತು, ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಕೈ ಹಗ್ಗ ಎಳೆಯುವ ಹಾಗೆ ತಾನೇ ಆಡಿತು, ಮಾತು ಅದರ ಹಿಂದೆ ಓಡಿತು. ನಾಲ್ಕು, ಐದು. ಐದನೆಯದರ ಕೊನೆಗೆ ಉಸಿರು ಬಿಡದೆ ನನ್ನ ಬಾಯಿಂದ ಏನು ಬಂತು ಗೊತ್ತಾ?

"ಆಮೆನ್‌ಸೌಟುಕೊಡುಮೈಮೂ!"

ಒಂದೇ ಶಬ್ದ. ಪ್ರಾರ್ಥನೆಯ ತುಂಡೇ ಅದು ಎನ್ನುವ ಹಾಗೆ. ಕೊನೆಯ ‘ಮೂ’ ಮೇಲೆ ಎಳೆದು, ಸ್ವಲ್ಪ ಮೂಗಿನಿಂದ, ಅವಸರದಿಂದ. ಅದು ನನ್ನ ಸ್ವರ ಅಲ್ಲ ಮೈಮು. ಅದು ಅಮ್ಮ. ಇಷ್ಟು ಹತ್ತಿರದಿಂದ, ನನ್ನ ಗಂಟಲಿನಿಂದಲೇ.

ನೀನು ಇದನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆಮೇಲೆ ಎಲ್ಲವನ್ನೂ ತೆಗೆದು ನೋಡಿದೆ. ಸೌಟು ಹಿಡಿದು ನಿಲ್ಲುತ್ತಿದ್ದೆ ಎಂದು ಮಾತ್ರ ಬರೆದಿದ್ದೆ. ಹಾಗಾದರೆ ಇದು ನನಗೇ ನೆನಪಿದ್ದದ್ದು. ಜಗಲಿಯಲ್ಲಿ ನಕ್ಷತ್ರಕ್ಕೆ ಕಾಗದ ಅಂಟಿಸುತ್ತ, ಅಮ್ಮ ನನ್ನನ್ನು ಕರೆಯುವುದಿಲ್ಲ ಎಂದು ಮುಖ ಊದಿಸಿಕೊಂಡು ಕೂತಿದ್ದಾಗ, ನಾನು ಪ್ರತಿ ವರ್ಷ ಇದನ್ನೇ ಕೇಳುತ್ತಿದ್ದೆ. ನಾನೂ ಆ ಅಡುಗೆಮನೆಯಲ್ಲಿದ್ದೆ, ಕಿವಿಯಿಂದ. ನನಗೆ ತುಂಬ ಸಂತೋಷವಾಗಿದೆ ಮೈಮು.

ಕಿಡಿಯೊ ಬೆಳ್ಳಗೆ ಬಂತು. ನಡುರಾತ್ರಿಯ ಪೂಜೆ ಮುಗಿಸಿ ಬಂದವರಿಗೆಲ್ಲ ಬಾಳೆಲೆಯಲ್ಲಿ ಹಂಚಿದೆ. ನಿನಗೆ ಕಳಿಸಲು ದಾರಿಯಿಲ್ಲ, ಇಲ್ಲಿಂದ ಅಲ್ಲಿಗೆ ತಲುಪುವಷ್ಟರಲ್ಲಿ ಇರುವೆಗಳ ಪಾಲು. ಬಿದಿರಿನ ಬಾಚಣಿಗೆಯನ್ನು ತೊಳೆದು ಈ ಕಾಗದದ ಜೊತೆ ಇಟ್ಟಿದ್ದೇನೆ. ಹಬ್ಬ ಮುಗಿದ ಮೇಲೆ ಅದು ನಿನ್ನದೇ ಅಲ್ಲವಾ?

ಒಂದು ಹೇಳುವುದು ಮರೆತೆ. ಆ ಹೊತ್ತಿನಲ್ಲಿ ನಾನು ಕೈ ಚಾಚಿ ಕೂಗಿದ ಕೂಡಲೇ ತೆಕ್ಲಾ ಏನೂ ತಿಳಿಯದಿದ್ದರೂ ಸೌಟನ್ನು ನನ್ನ ಕೈಗೆ ಕೊಟ್ಟಿದ್ದಳು. ಇವತ್ತು ಬೆಳಿಗ್ಗೆ ಗಂಜಿ ಬಡಿಸಲು ಹೊರಟವಳು ಅಡುಗೆಮನೆ ಪೂರ್ತಿ ಹುಡುಕಿ, ನನ್ನ ಹತ್ತಿರ ಬಂದು ಕೇಳಿದಳು: "ಸಿಸ್ಟ, ಮೈಮು ಎಲ್ಲಿ?"

ನಾನು ತಿದ್ದಲಿಲ್ಲ. ಒಲೆಯ ಪಕ್ಕದಲ್ಲಿದೆ ಎಂದೆ.

ನಿನ್ನ
ಎಮ್ಮಿ